ತೊಲದಿಂದ ಕಿಲೋಗ್ರಾಮಿನವರೆಗೆ: ಬಳ್ಳಾರಿ ಸೀಮೆಯಲ್ಲಿ ಗಾಂಜಾ ಕಾನೂನಿನ ಇತಿಹಾಸ

ಹಂಪೆಯ ಬಂಡೆಗಳ ನಡುವೆ ನುಸುಳಿ, ಕಂಪ್ಲಿಯನ್ನು ಬಳಸಿ, ಸಿರುಗುಪ್ಪದ ಬತ್ತದ ಬಯಲಿಗೆ ನೀರುಣಿಸಿ ಮುಂದೆ ಸಾಗುವ ತುಂಗಭದ್ರೆಯು ಇಂದಿನ ಪ್ರಯಾಣಿಕನ ಕಣ್ಣಿಗೆ ಬರಿಯ ಒಂದು ಹೊಳೆ. ಆದರೆ 1800ನೆಯ ಇಸವಿಯಿಂದ ಸುಮಾರು ಒಂದೂವರೆ ಶತಮಾನದ ಕಾಲ ಅದು ಎರಡು ಪ್ರಭುತ್ವಗಳ, ಎರಡು ನಾಣ್ಯಗಳ, ಎರಡು ದಂಡನೀತಿಗಳ ನಡುವಣ ಎಲ್ಲೆಯಾಗಿದ್ದಿತು. ದಕ್ಷಿಣದ ದಡ ಮದರಾಸು ಪ್ರಾಂತಕ್ಕೆ ಸೇರಿದ್ದರೆ, ಉತ್ತರದ ದಡ, ಎಂದರೆ ಗಂಗಾವತಿ ಸಿಂಧನೂರುಗಳ ನಾಡು, ಹೈದರಾಬಾದಿನ ನಿಜಾಮನಿಗೆ ಸೇರಿದ್ದಿತು. ಪಶ್ಚಿಮಕ್ಕೆ ಹೊಳೆ ದಾಟಿದರೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ದಕ್ಷಿಣಕ್ಕೆ ನಡೆದರೆ ಮೈಸೂರು ಸಂಸ್ಥಾನ. ಜಿಲ್ಲೆಯ ಒಡಲೊಳಗೇ ಗುಡ್ಡಗಳ ಮರೆಯಲ್ಲಿ ಘೋರ್ಪಡೆ ಮನೆತನದ ಸೊಂಡೂರು ಸಂಸ್ಥಾನ. ಹೀಗೆ ಐದು ಆಡಳಿತಗಳು ಎತ್ತಿನ ಗಾಡಿಯ ಕೆಲವೇ ದಿನಗಳ ಹಾದಿಯೊಳಗೆ ಸಂಧಿಸುತ್ತಿದ್ದ ಈ ಸೀಮೆಯಲ್ಲಿ, ಒಂದು ಗಿಡದ ಒಣ ಹೂಗೊಂಚಲನ್ನು ಉಡಿಯಲ್ಲಿ ಕಟ್ಟಿಕೊಂಡು ನಡೆವ ಮನುಷ್ಯನು ಗಿರಾಕಿಯೋ, ತೆರಿಗೆಗಳ್ಳನೋ, ಅಪರಾಧಿಯೋ ಎಂಬುದು ಆತನ ನಡತೆಗಿಂತ ಹೆಚ್ಚಾಗಿ ಆತನು ನಿಂತ ನೆಲವನ್ನೂ ಆತನ ಬಳಿಯಿದ್ದ ಸರಕಿನ ತೂಕವನ್ನೂ ಅವಲಂಬಿಸಿದ್ದಿತು. ನೆಲದ ಗೆರೆಗಳಲ್ಲಿ ಬಹುಪಾಲು ಈಗ ಅಳಿದುಹೋಗಿವೆ. ತೂಕದ ಗೆರೆಗಳು ಅಳಿಯಲಿಲ್ಲ, ಇನ್ನಷ್ಟು ಆಳವಾದವು. ಖಜಾನೆಯ ಲೆಕ್ಕದ ಪುಸ್ತಕದಲ್ಲಿದ್ದ ಗಿಡವೊಂದು ಸೆರೆಮನೆಯ ದಾಖಲೆಯ ಪುಸ್ತಕಕ್ಕೆ ಬಂದು ಸೇರಿದ ಬಗೆ ಯಾವುದು ಎಂಬುದನ್ನು ಈ ಸೀಮೆಯ ಮೂಲಕ ನೋಡುವುದೇ ಈ ಲೇಖನದ ಉದ್ದೇಶ.

ಆಯುರ್ವೇದದ ನಿಘಂಟುಗಳು ವಿಜಯಾ ಎಂದೂ ಭಂಗಾ ಎಂದೂ ಕರೆದ ಈ ಗಿಡ ನಮ್ಮ ಬಯಲುಸೀಮೆಗೆ ಹೊಸತಾಗಿರಲಿಲ್ಲ. ಊರೂರು ಅಲೆವ ಬೈರಾಗಿಗಳ ಚಿಲುಮೆಯಲ್ಲಿ, ಶೈವ ಅವಧೂತರ ಗದ್ದುಗೆಗಳ ಸುತ್ತ, ದಣಿದ ಕೂಲಿಕಾರರ ಕಟ್ಟೆಗಳಲ್ಲಿ, ದನಗಳ ಹಳ್ಳಿಮದ್ದಿನಲ್ಲಿ ಅದಕ್ಕೆ ಒಂದು ಸ್ಥಾನವಿದ್ದಿತು. ಆ ಸ್ಥಾನ ಗೌರವದ್ದೆಂದು ಹೇಳಲಾರೆ. ಗೃಹಸ್ಥರು 'ಭಂಗಿ ಸೇದುವವನು' ಎಂದು ಒಬ್ಬನನ್ನು ಕರೆದರೆ ಅದು ಹೊಗಳಿಕೆಯಾಗಿರಲಿಲ್ಲ. ಆದರೆ ಹೊಗಳಿಕೆಯಲ್ಲದ್ದೆಲ್ಲ ಅಪರಾಧವಾಗಬೇಕೆಂಬ ನಿಯಮವೂ ಆಗಿನ ಲೋಕದಲ್ಲಿರಲಿಲ್ಲ. ಇಂದಿಗೂ ಬಳ್ಳಾರಿಯ ಉತ್ತರಕ್ಕೆ, ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾದ ಪೊಟ್ಟಣವನ್ನು ಪ್ರಸಾದವೆಂದು ಸ್ವೀಕರಿಸುವ ಭಕ್ತರಿರುವುದನ್ನು 2020ರಲ್ಲಿ ಪತ್ರಿಕೆಗಳು ವಿಸ್ತಾರವಾಗಿ ವರದಿ ಮಾಡಿದವು. ಭಕ್ತಿಗೆಂದು ಸೇವಿಸಿದವನಿಗೆ ಈಗಿನ ಕಾಯ್ದೆಯಲ್ಲಿ ಯಾವ ವಿನಾಯಿತಿಯೂ ಇಲ್ಲವೆಂಬುದು ಬೇರೆಯ ಮಾತು.

1800ರ ಅಕ್ಟೋಬರಿನ ಕರಾರಿನಂತೆ ನಿಜಾಮನು ಬಳ್ಳಾರಿ, ಕಡಪ ಮುಂತಾದ ದತ್ತಮಂಡಲಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದ ಮೇಲೆ, ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು ಭೂಕಂದಾಯದ ವ್ಯವಸ್ಥೆಯನ್ನು ಕಟ್ಟಿದನು. ಕಂಪನಿಯ ದೃಷ್ಟಿಯಲ್ಲಿ ಮಾದಕ ವಸ್ತುವೆಂಬುದು ನೀತಿಯ ಪ್ರಶ್ನೆಯಾಗಿರದೆ ಆದಾಯದ ಬಾಬತ್ತಾಗಿದ್ದಿತು. ಸಾರಾಯಿ, ಹೆಂಡ, ಅಫೀಮು, ಗಾಂಜಾ ಇವೆಲ್ಲವೂ ಅಬ್ಕಾರಿಯೆಂಬ ಒಂದೇ ಶಬ್ದದ ನೆರಳಿನಲ್ಲಿ ಕುಳಿತಿದ್ದವು. 1886ರ ಮದರಾಸು ಅಬ್ಕಾರಿ ಕಾಯ್ದೆ ಈ ಬಾಬತ್ತನ್ನು ಕ್ರಮಕ್ಕೆ ತಂದು, ಪರವಾನಗಿಯಿಲ್ಲದೆ ಮಾರುವುದನ್ನೂ ಸಾಗಿಸುವುದನ್ನೂ ಶಿಕ್ಷಾರ್ಹವಾಗಿ ಮಾಡಿತು. ಆದರೆ ಆ ಶಿಕ್ಷೆ ಜುಲ್ಮಾನೆಯ, ಹೆಚ್ಚೆಂದರೆ ತಿಂಗಳುಗಳ ಎಣಿಕೆಯ ಸೆರೆಯ ಮಟ್ಟದ್ದು. ಸರ್ಕಾರಕ್ಕೆ ಬರಬೇಕಾದ ಹಣವನ್ನು ತಪ್ಪಿಸಿದ್ದೇ ಅಲ್ಲಿನ ಮುಖ್ಯ ದೋಷವಾಗಿದ್ದಿತು. ಸೇದಿದವನ ತಲೆ ತಿರುಗಿತೇ ಇಲ್ಲವೇ ಎಂಬುದನ್ನು ಅಬ್ಕಾರಿ ಇನ್‌ಸ್ಪೆಕ್ಟರನು ವಿಚಾರಿಸುತ್ತಿರಲಿಲ್ಲ.

ವಿಚಾರಿಸಬೇಕೆಂಬ ಒತ್ತಾಯ ಬಂದುದು ಲಂಡನ್ನಿನಿಂದ. ಪಾನನಿರೋಧದ ಪಕ್ಷಪಾತಿಯಾಗಿದ್ದ ಡಬ್ಲ್ಯು. ಎಸ್. ಕೇನ್ ಎಂಬ ಪಾರ್ಲಿಮೆಂಟ್ ಸದಸ್ಯನು 1893ರ ಮಾರ್ಚಿನಲ್ಲಿ ಕಾಮನ್ಸ್ ಸಭೆಯಲ್ಲಿ ಪ್ರಶ್ನೆಯೆತ್ತಿ, ಗಾಂಜಾದ ಬೆಳೆ ಮತ್ತು ಮಾರಾಟ ಭಾರತದ ಜನರ ಸ್ಥಿತಿಯನ್ನೂ ನೀತಿಯನ್ನೂ ಹೇಗೆ ಕೆಡಿಸುತ್ತಿದೆಯೆಂಬುದನ್ನು ಪರಿಶೀಲಿಸಲು ಒಂದು ಆಯೋಗ ಬೇಕೆಂದನು. ಆತನು ನಿರೀಕ್ಷಿಸಿದ ಉತ್ತರ ಯಾವುದೆಂದು ಊಹಿಸುವುದು ಕಷ್ಟವಲ್ಲ. ಆದರೆ ಡಬ್ಲ್ಯು. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯಲ್ಲಿ ನೇಮಕವಾದ ಆ ಆಯೋಗ 1893ರ ಆಗಸ್ಟ್ 3ರಂದು ಕಲ್ಕತ್ತೆಯಲ್ಲಿ ಮೊದಲ ಸಭೆ ಸೇರಿ, ಮರುವರ್ಷದ ಆಗಸ್ಟಿನಲ್ಲಿ ಸಿಮ್ಲಾದಲ್ಲಿ ಕೆಲಸ ಮುಗಿಸುವಷ್ಟರಲ್ಲಿ, ಪ್ರಶ್ನೆ ಕೇಳಿದವನಿಗೂ ಕೇಳದಿದ್ದವರಿಗೂ ಆಶ್ಚರ್ಯವಾಗುವಂಥ ಕಾರ್ಯವನ್ನು ಮಾಡಿದ್ದಿತು. ಎಪ್ಪತ್ತು ಪ್ರಶ್ನೆಗಳ ಮುದ್ರಿತ ಪಟ್ಟಿಯೊಂದನ್ನು ಸಿದ್ಧಪಡಿಸಿ, ಬ್ರಿಟಿಷ್ ಪ್ರಾಂತಗಳಲ್ಲೆಲ್ಲ ಕಲೆಕ್ಟರುಗಳು, ವೈದ್ಯರು, ಪಾದ್ರಿಗಳು, ವಕೀಲರು, ಜಮೀನ್ದಾರರು, ಬೆಳೆಗಾರರು, ಮಾರಾಟಗಾರರು ಹೀಗೆ 1,193 ಸಾಕ್ಷಿಗಳ ಅಭಿಪ್ರಾಯವನ್ನು ಅದು ಸಂಗ್ರಹಿಸಿತು. ಗಿಡ ಯಾವ ಮಣ್ಣಿನಲ್ಲಿ ಬೆಳೆಯುತ್ತದೆ, ಸೇದುವವರು ಯಾವ ಕಸುಬಿನವರು, ಸಾಧುವಿಗೂ ಸಂಸಾರಿಗೂ ಸೇವನೆಯಲ್ಲಿ ವ್ಯತ್ಯಾಸವೇನು, ಕೊಲೆ ದರೋಡೆಗಳಿಗೂ ಇದಕ್ಕೂ ಸಂಬಂಧವಿದೆಯೇ, ನಿಷೇಧಿಸಿದರೆ ಜನ ಸಾರಾಯಿಯ ಕಡೆಗೆ ತಿರುಗುವರೇ ಎಂಬಿತ್ಯಾದಿ ವಿವರಗಳು ಏಳು ಸಂಪುಟಗಳಲ್ಲಿ ತುಂಬಿಕೊಂಡವು.

ಆ ಸಂಪುಟಗಳಲ್ಲಿ ಅತ್ಯಂತ ಬೋಧಪ್ರದವಾದ ಭಾಗವೆಂದರೆ ಹುಚ್ಚಾಸ್ಪತ್ರೆಗಳನ್ನು ಕುರಿತದ್ದು. ಗಾಂಜಾದಿಂದ ಬುದ್ಧಿಭ್ರಮೆ ಉಂಟಾಗುವುದೆಂಬ ನಂಬಿಕೆ ಆಗಿನ ಅಧಿಕಾರಿಗಳಲ್ಲಿ ಬಲವಾಗಿ ಬೇರೂರಿದ್ದಿತು. ಅದಕ್ಕೆ ಆಧಾರವಾಗಿದ್ದುದು ಆಸ್ಪತ್ರೆಯ ದಾಖಲೆಗಳು. 1892ರಲ್ಲಿ ದಾಖಲಾದವರ ಪೈಕಿ 222 ಮಂದಿಯ ರೋಗಕ್ಕೆ ಗಾಂಜಾ ಭಂಗಿಗಳೇ ಕಾರಣವೆಂದು ಬರೆದಿದ್ದಿತು. ಆಯೋಗದವರು ಈ ಬರಹವನ್ನು ಬರಹವೆಂದೇ ನಂಬದೆ, ಒಬ್ಬೊಬ್ಬ ರೋಗಿಯ ಪೂರ್ವವೃತ್ತಾಂತವನ್ನೂ ಆತನ ಊರಿನಿಂದ ವಿಚಾರಿಸಿ ತರಿಸಿದರು. ಕೊನೆಗೆ ಉಳಿದ ಪ್ರಕರಣಗಳು 98. ಅವುಗಳಲ್ಲಿಯೂ ಅನೇಕಕ್ಕೆ ಬೇರೆ ಕಾರಣಗಳು ಕೂಡಿಕೊಂಡಿದ್ದವು. ರೋಗಿಯನ್ನು ಕರೆತಂದ ಪೊಲೀಸಿನವನು ಕಾರಣದ ಅಂಕಣವನ್ನು ಖಾಲಿ ಬಿಡಲಾರದೆ ರೂಢಿಯ ಉತ್ತರವನ್ನು ತುಂಬುತ್ತಿದ್ದುದು ಹೊರಬಿದ್ದಿತು. ಅಂಕಣ ತುಂಬುವ ಈ ಪದ್ಧತಿ ನಮ್ಮ ಕಚೇರಿಗಳಿಂದ ಇನ್ನೂ ಹೊರಟುಹೋಗಿಲ್ಲವೆಂಬುದನ್ನು ಅನುಭವಿಗಳು ಬಲ್ಲರು.

ಮಿತವಾದ ಸೇವನೆಯಿಂದ ಗಣನೀಯವಾದ ಹಾನಿಯಿಲ್ಲ, ಅತಿಸೇವನೆಯಿಂದ ಹಾನಿಯುಂಟು, ಸಂಪೂರ್ಣ ನಿಷೇಧ ಅವಶ್ಯವೂ ಅಲ್ಲ ಹಿತವೂ ಅಲ್ಲ ಎಂಬುದು ಆಯೋಗದ ಬಹುಮತದ ನಿರ್ಣಯ. ಇದನ್ನು ಇಂದಿನ ಗಾಂಜಾಪ್ರಿಯರು ಬಹಳ ಉತ್ಸಾಹದಿಂದ ಎತ್ತಿ ತೋರಿಸುವರಾದರೂ, ಅದೇ ವರದಿಗೆ ಮೂವರು ಭಾರತೀಯ ಸದಸ್ಯರಲ್ಲಿ ಇಬ್ಬರು, ಬಂಗಾಳದ ರಾಜಾ ಶಶಿಶೇಖರೇಶ್ವರ ರಾಯರೂ ವಾಯವ್ಯ ಪ್ರಾಂತದ ಮುಜಫ್ಫರನಗರದ ಲಾಲಾ ನಿಹಾಲ್ ಚಂದರೂ, ಭಿನ್ನಮತದ ಟಿಪ್ಪಣಿ ಬರೆದರೆಂಬುದನ್ನು ಹೇಳಲು ಮರೆಯುವರು. ಆದಾಯ ಬಿಟ್ಟುಕೊಡಲೊಲ್ಲದ ಸರ್ಕಾರಕ್ಕೆ ಬಹುಮತದ ನಿರ್ಣಯ ಅನುಕೂಲವಾಗಿಯೇ ಒದಗಿತೆಂಬುದನ್ನೂ ಮರೆಯಬಾರದು. ಆದರೆ ಅನುಕೂಲವಾದ ಮಾತೆಲ್ಲ ಸುಳ್ಳಾಗಬೇಕಿಲ್ಲ. ಅವರು ಕೇಳಿ ತಿಳಿದು ಹೇಳಿದರು, ಇದು ಸಣ್ಣ ಗುಣವಲ್ಲ.

ಆಯೋಗದ ಸಲಹೆಯಂತೆ ಮದರಾಸು ಸರ್ಕಾರ ಗಾಂಜಾ ಬೆಳೆಯನ್ನು ಎಲ್ಲೆಡೆಯಿಂದ ಎತ್ತಿ, ಕರಾವಳಿ ಆಂಧ್ರದ ಬಾಪಟ್ಲದ ಸುತ್ತಲ ಕೆಲವು ಹಳ್ಳಿಗಳಿಗೂ ಉತ್ತರ ಆರ್ಕಾಟಿನ ಜವ್ವಾದಿ ಬೆಟ್ಟಗಳಿಗೂ ಸೀಮಿತಗೊಳಿಸಿತು. ಬೆಳೆದುದನ್ನೆಲ್ಲ ಸರ್ಕಾರಿ ಉಗ್ರಾಣಕ್ಕೆ ತಂದು, ತೂಗಿ, ಸುಂಕ ಕಟ್ಟಿಸಿಕೊಂಡು, ಪರವಾನಗಿಯ ಅಂಗಡಿಗಳಿಗೆ ಕಳುಹಿಸುವ ಏರ್ಪಾಡಾಯಿತು. ಬಳ್ಳಾರಿಯ ಪೇಟೆಯಲ್ಲಿಯೂ ಸಿರುಗುಪ್ಪದಂಥ ಊರಿನಲ್ಲಿಯೂ ಗಾಂಜಾ ಕೊಳ್ಳಬೇಕಾದವನು ಕಾನೂನಿನ ಪ್ರಕಾರ ಪರವಾನಗಿಯ ಅಂಗಡಿಗೇ ಹೋಗಬೇಕು. ಅಲ್ಲಿ ತೊಲದ ಲೆಕ್ಕದಲ್ಲಿ ಅಳೆದು ಕೊಟ್ಟುದನ್ನು ಮಿತಿ ಮೀರದೆ ಇಟ್ಟುಕೊಳ್ಳಬೇಕು. ಇತ್ತ ಹೊಳೆಯಾಚೆಯ ನಿಜಾಮನ ಸೀಮೆಯಲ್ಲಿ ಸುಂಕದ ಪ್ರಮಾಣವೇ ಬೇರೆ, ಕಾವಲೇ ಬೇರೆ. ಬೇಸಗೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ದಾಟಬಹುದಾದ ಹೊಳೆಯೊಂದು ಎರಡು ದರಗಳ ನಡುವೆ ಹರಿಯುತ್ತಿರುವಾಗ ಏನಾಗುವುದೋ ಅದನ್ನು ಅರ್ಥಶಾಸ್ತ್ರಜ್ಞನು ಬಂದು ವಿವರಿಸಬೇಕಾಗಿಲ್ಲ.

ಈ ನೆಮ್ಮದಿಯ ಲೆಕ್ಕಾಚಾರವನ್ನು ಕದಡಿದ್ದು ಮತ್ತೆ ದೂರದ ಒಂದು ನಗರ. 1924-25ರಲ್ಲಿ ಜಿನೀವಾದಲ್ಲಿ ಅಫೀಮನ್ನು ಕುರಿತು ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಈಜಿಪ್ಟಿನ ಪ್ರತಿನಿಧಿ ಡಾ. ಎಲ್ ಗಿಂಡಿ ಎಂಬಾತನು ತನ್ನ ದೇಶದ ಹಶೀಶಿನ ಪೀಡೆಯನ್ನು ಬಣ್ಣಿಸಿ, ಈ ಗಿಡವನ್ನೂ ಅಫೀಮಿನ ಸಾಲಿಗೆ ಸೇರಿಸಬೇಕೆಂದು ಪಟ್ಟುಹಿಡಿದನು. ನಮ್ಮ ದೇಶದ ಆಚಾರಗಳನ್ನು ಮುಂದಿಟ್ಟು ಭಾರತದ ಪ್ರತಿನಿಧಿಗಳು ಹಿಂಜರಿದರೂ ಒಪ್ಪಂದಕ್ಕೆ ಸಹಿಯಾಯಿತು. ಅದರ ಬೆನ್ನಿಗೆ 1930ರಲ್ಲಿ ಅಪಾಯಕಾರಿ ಔಷಧಗಳ ಕಾಯ್ದೆ ಬಂದಿತು. ಅಬ್ಕಾರಿಯ ಲೆಕ್ಕದಲ್ಲಿದ್ದ ಗಿಡ ಅಪಾಯದ ಪಟ್ಟಿಗೆ ಏರಿದುದು ಇಲ್ಲಿಂದ.

ಮೂರನೆಯ ಘಟ್ಟ ನಮ್ಮವರೇ ತಂದದ್ದು. 1937ರಲ್ಲಿ ಮದರಾಸಿನ ಪ್ರಧಾನಿಯಾದ ಸಿ. ರಾಜಗೋಪಾಲಾಚಾರ್ಯರು ಪಾನನಿರೋಧ ಕಾಯ್ದೆಯನ್ನು ತಂದು, ಆ ವರ್ಷದ ಅಕ್ಟೋಬರ್ 1ರಿಂದ ಸೇಲಂ ಜಿಲ್ಲೆಯಲ್ಲಿ ಜಾರಿಗೊಳಿಸಿದರು. ಆ ಕಾಯ್ದೆಯ ವ್ಯಾಪ್ತಿಯಲ್ಲಿ ಮದ್ಯದೊಡನೆ ಗಾಂಜಾ ಭಂಗಿಗಳೂ ಇದ್ದವು. ಯುದ್ಧಕಾಲದಲ್ಲಿ ನಿಂತುಹೋದ ಆ ಪ್ರಯೋಗವನ್ನು ಸ್ವಾತಂತ್ರ್ಯದ ಸುತ್ತಣ ವರ್ಷಗಳಲ್ಲಿ ಮುಂದುವರಿಸಿ, 1948ರ ಅಕ್ಟೋಬರಿನ ವೇಳೆಗೆ ಬಳ್ಳಾರಿ ಜಿಲ್ಲೆಯೂ ಸೇರಿ ಇಡೀ ಪ್ರಾಂತಕ್ಕೆ ವಿಸ್ತರಿಸಲಾಯಿತು. ಸತ್ಯಾಗ್ರಹಿಗಳನ್ನು ತುಂಬಿಸಿಕೊಂಡು ಹೆಸರಾಗಿದ್ದ, 1921ರಲ್ಲಿ ಮಲಬಾರಿನ ಮಾಪಿಳ್ಳೆ ಬಂಡಾಯದ ಕೈದಿಗಳನ್ನು ಸಾಗಿಸಿ ತಂದಿಟ್ಟಿದ್ದ ಬಳ್ಳಾರಿಯ ಸೆರೆಮನೆಗೆ, ಸ್ವರಾಜ್ಯದ ಪ್ರಥಮ ವರ್ಷಗಳಲ್ಲಿ ಪಾನನಿರೋಧದ ಅಪರಾಧಿಗಳು ಬರತೊಡಗಿದರು. ನಿನ್ನೆಯವರೆಗೆ ಸರ್ಕಾರದ ಅಂಗಡಿಯ ಗಿರಾಕಿಗಳಾಗಿದ್ದವರೇ ಅವರಲ್ಲಿಯೂ ಇದ್ದರೆನ್ನುವುದು ಸಹಜವಾದ ಅನುಮಾನ.

ಅನಂತರದ ಹತ್ತು ಹನ್ನೆರಡು ವರ್ಷಗಳ ಕಥೆ ಕಾನೂನಿನ ವಿದ್ಯಾರ್ಥಿಗೆ ಒಂದು ವಿನೋದ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು ಅತ್ತ ಹೋಗಿ, ಬಳ್ಳಾರಿ, ಸಿರುಗುಪ್ಪ ಮೊದಲಾದ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಕುರುಗೋಡು ಆಗ ಬಳ್ಳಾರಿ ತಾಲ್ಲೂಕಿನದೇ ಒಂದು ಹಳೆಯ ಊರು. ಸಿಂದರ ರಾಜಧಾನಿಯಾಗಿ ಮೆರೆದಿದ್ದ, ದೊಡ್ಡಬಸವಣ್ಣನ ಬೃಹನ್ಮೂರ್ತಿಯ ಆ ಊರು ತಾಲ್ಲೂಕು ಕೇಂದ್ರವಾದುದು ತೀರ ಈಚೆಗೆ. ರಾಜ್ಯ ಬದಲಾದರೂ ಕಾಯ್ದೆ ಬದಲಾಗಲಿಲ್ಲ: ಬಳ್ಳಾರಿಯಲ್ಲಿ ಮದರಾಸಿನ 1937ರ ಕಾಯ್ದೆಯೇ ಮುಂದುವರಿಯಿತು. 1956ರ ಏಕೀಕರಣದಿಂದ ಕನ್ನಡನಾಡು ಒಂದಾದಾಗ, ಹಳೆಯ ಮೈಸೂರಿನ ಶಾಸನ, ಧಾರವಾಡದ ಕಡೆ 1949ರ ಮುಂಬಯಿ ಕಾಯ್ದೆ, ರಾಯಚೂರಿನ ಕಡೆ ಫಸಲಿ 1316ರ ಹೈದರಾಬಾದ್ ಅಬ್ಕಾರಿ ಕಾಯ್ದೆ, ಮಂಗಳೂರು ಬಳ್ಳಾರಿಗಳಲ್ಲಿ ಮದರಾಸಿನದು, ಕೊಡಗಿನಲ್ಲಿ ಮತ್ತೊಂದು ಹೀಗೆ ಒಂದೇ ರಾಜ್ಯದ ಮೈಮೇಲೆ ಐದು ಬಣ್ಣದ ತೇಪೆಗಳಿದ್ದವು. ಹೊಳೆಯ ಎರಡು ದಡಗಳೂ ಒಂದೇ ಸರ್ಕಾರದವಾಗಿದ್ದರೂ ಸಿರುಗುಪ್ಪದ ಕಡೆ ನಿರೋಧ, ಸಿಂಧನೂರಿನ ಕಡೆ ಪರವಾನಗಿ! ಈ ವೈಚಿತ್ರ್ಯವನ್ನು ಸರಿಪಡಿಸಲು 1961ರ ಮೈಸೂರು ಪಾನನಿರೋಧ ಕಾಯ್ದೆ ಬಂದಿತು; ಮುಖ್ಯಮಂತ್ರಿ ನಿಜಲಿಂಗಪ್ಪನವರ ಕಾಲದಲ್ಲಿ, 1967ರಲ್ಲಿ, ಪಾನನಿರೋಧವೇ ತೆರವಾಗಿ, ಇಡೀ ರಾಜ್ಯ 1965ರ ಅಬಕಾರಿ ಕಾಯ್ದೆಯ ಕೆಳಗೆ ಬಂದಿತು. ಮದ್ಯ ಅಂಗಡಿಗೆ ಹಿಂತಿರುಗಿ, ಖಜಾನೆಗೆ ವರ್ಷವರ್ಷವೂ ಹೆಚ್ಚು ಹೆಚ್ಚು ಹಣ ತರುವ ಬಾಬತ್ತಾಯಿತು. ಅದರ ಹಳೆಯ ಜೊತೆಗಾರನಾದ ಗಾಂಜಾ ಮಾತ್ರ ಹಿಂತಿರುಗಲಿಲ್ಲ.

ಏಕೆಂದರೆ ಇಷ್ಟರಲ್ಲಿ ಭಾರತವು ನ್ಯೂಯಾರ್ಕಿನಲ್ಲಿ ಆದ 1961ರ ಅಂತರರಾಷ್ಟ್ರೀಯ ಏಕೀಕೃತ ಒಡಂಬಡಿಕೆಗೆ 1964ರಲ್ಲಿ ಸೇರಿ, ಔಷಧವಲ್ಲದ ಗಾಂಜಾ ಬಳಕೆಯನ್ನು 25 ವರ್ಷಗಳೊಳಗೆ ನಿಲ್ಲಿಸುವ ಹೊಣೆಯನ್ನು ಹೊತ್ತಿದ್ದಿತು. ಎಲೆಯನ್ನೂ ಬೀಜವನ್ನೂ ವ್ಯಾಖ್ಯೆಯಿಂದ ಹೊರಗಿಟ್ಟಿದ್ದೊಂದೇ ಅಲ್ಲಿ ನಮ್ಮ ಆಚಾರಗಳಿಗೆ ದೊರೆತ ರಿಯಾಯಿತಿ. ಆ ಗಡುವು ಸಮೀಪಿಸುತ್ತಿದ್ದಾಗ, ರಾಜೀವ್ ಗಾಂಧಿಯವರ ಸರ್ಕಾರ ಸ್ವಾಪಕ ಔಷಧಗಳು ಮತ್ತು ಮನೋಪರಿಣಾಮಕ ವಸ್ತುಗಳ ಮಸೂದೆಯನ್ನು 1985ರ ಆಗಸ್ಟಿನಲ್ಲಿ ಮಂಡಿಸಿತು. ಕೆಲವೇ ದಿನಗಳ ಚರ್ಚೆಯಲ್ಲಿ ಎರಡು ಸದನಗಳೂ ಒಪ್ಪಿಗೆ ಕೊಟ್ಟವು. ಸೆಪ್ಟೆಂಬರ್ 16ರಂದು ರಾಷ್ಟ್ರಪತಿಯ ಅಂಕಿತ ಬಿದ್ದು, ನವೆಂಬರ್ 14ರಿಂದ ಅದು ಜಾರಿಗೆ ಬಂದಿತು. 1930ರ ಹಳೆಯ ಕಾಯ್ದೆಯಲ್ಲಿ ಗರಿಷ್ಠ ಮೂರು ವರ್ಷ ಮಾತ್ರ ಸೆರೆಯಿದೆ, ಕನಿಷ್ಠ ಶಿಕ್ಷೆಯೆಂಬುದೇ ಇಲ್ಲ, ಆದುದರಿಂದ ಕಳ್ಳಸಾಗಣೆಗಾರರು ಲೆಕ್ಕಿಸುವುದಿಲ್ಲ ಎಂಬುದು ಹೊಸ ಕಾಯ್ದೆಗೆ ಕೊಟ್ಟ ಮುಖ್ಯ ಕಾರಣಗಳಲ್ಲೊಂದು. 1893ರಲ್ಲಿ ವರ್ಷವೊಂದನ್ನು ಹಿಡಿದ ವಿಚಾರಣೆಯ ವಿಷಯ 1985ರಲ್ಲಿ ಒಂದು ವಾರವನ್ನೂ ಬೇಡಲಿಲ್ಲ. ಈ ಕಾಯ್ದೆಯ ಆಡಳಿತ ಇಂದಿಗೂ ಕೇಂದ್ರ ಹಣಕಾಸು ಮಂತ್ರಾಲಯದ ಕಂದಾಯ ವಿಭಾಗದ ಕೈಯಲ್ಲಿದೆಯೆಂಬುದು ಅಬ್ಕಾರಿ ಕಾಲದ ನೆನಪಿನಂತೆ ಉಳಿದುಬಂದ ಒಂದು ಸಂಗತಿ.

ಮೊದಲ ರೂಪದಲ್ಲಿ ಗಾಂಜಾಕ್ಕೆ ಐದು ವರ್ಷಗಳವರೆಗಿನ ಸೆರೆ ಇದ್ದಿತು. 1989ರ ತಿದ್ದುಪಡಿಯಿಂದ ಜಾಮೀನು ದುರ್ಲಭವಾಯಿತು. ಕೆಲವು ಪುನರಪರಾಧಗಳಿಗೆ ಮರಣದಂಡನೆಯೂ ಸೇರಿತು. ಚಿಲ್ಲರೆ ಸೇದುವವನೂ ಲಾರಿಗಟ್ಟಲೆ ಸಾಗಿಸುವವನೂ ಒಂದೇ ಬಲೆಯಲ್ಲಿ ಸಿಕ್ಕುತ್ತಿರುವುದು ಕಣ್ಣಿಗೆ ಬಿದ್ದ ಮೇಲೆ, 2001ರ ಅಕ್ಟೋಬರ್ 2ರಿಂದ ತೂಕದ ಮೆಟ್ಟಿಲುಗಳು ಬಂದವು. ಒಂದು ಕಿಲೋಗ್ರಾಮಿನವರೆಗೆ ಅಲ್ಪಪ್ರಮಾಣ: ಆಗ ಆರು ತಿಂಗಳು, 2014ರ ಬಳಿಕ ಒಂದು ವರ್ಷದವರೆಗಿನ ಸೆರೆ, ಅಥವಾ 10,000 ರೂಪಾಯಿವರೆಗಿನ ದಂಡ, ಅಥವಾ ಎರಡೂ. 20 ಕಿಲೋಗ್ರಾಮನ್ನು ಮೀರಿದರೆ ವಾಣಿಜ್ಯಪ್ರಮಾಣ: ಹತ್ತರಿಂದ ಇಪ್ಪತ್ತು ವರ್ಷ, ಒಂದರಿಂದ ಎರಡು ಲಕ್ಷ. ನಡುವಣದ್ದಕ್ಕೆ ಹತ್ತು ವರ್ಷದವರೆಗೆ, ಒಂದು ಲಕ್ಷದವರೆಗೆ. ಬೆಳೆದವನಿಗೆ ಮಾತ್ರ ಈ ಮೆಟ್ಟಿಲುಗಳಿಲ್ಲ. ಹಿತ್ತಿಲಿನಲ್ಲಿ ಒಂದು ಗಿಡವಿರಲಿ, ಹೊಲದಲ್ಲಿ ಸಾವಿರವಿರಲಿ, ಹತ್ತು ವರ್ಷದವರೆಗಿನ ಸೆರೆಯ ಕಲಮು ಒಂದೇ.

ಬಳ್ಳಾರಿ ಸೀಮೆಗೆ ಈ ಕಲಮಿನ ಸಂಬಂಧ ನಿಕಟವಾದುದು. ತುಂಗಭದ್ರಾ ಕಾಲುವೆಗಳ ನೀರು ಮುಟ್ಟಿದ ಕಡೆ ಬತ್ತ, ಮುಟ್ಟದ ಎರೆಹೊಲಗಳಲ್ಲಿ ಹತ್ತಿ, ಮೆಣಸಿನಕಾಯಿ, ತೊಗರಿ. ಆಳೆತ್ತರ ಬೆಳೆವ ಹತ್ತಿ ತೊಗರಿಗಳ ಸಾಲಿನ ನಡುವೆ ಗಾಂಜಾ ಗಿಡ ಹೊರಗಣ್ಣಿಗೆ ಕಾಣದು. ಇಂಥ ಹೊಲಗಳ ಮೇಲಿನ ದಾಳಿಯ ಸುದ್ದಿ ಉತ್ತರ ಕರ್ನಾಟಕದ ಪತ್ರಿಕೆಗಳಿಗೆ ಹಳೆಯದು. ಅಧಿಕಾರಿಗಳು ಪಂಚರನ್ನು ಕರೆತಂದು, ಗಿಡಗಳನ್ನು ಬೇರುಸಹಿತ ಕಿತ್ತು, ತೂಗಿ, ಪಂಚನಾಮೆ ಬರೆಯುವರು. ಆದರೆ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಹೂವಿನ ಅಥವಾ ಕಾಯಿಯ ತುದಿಗೊಂಚಲು ಮಾತ್ರ. ಗೊಂಚಲಿನಿಂದ ಬೇರ್ಪಟ್ಟ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. ಬೇರು, ಕಾಂಡ, ಎಲೆ, ಮೈಮೇಲಿನ ನೀರು, ಮೆತ್ತಿದ ಮಣ್ಣು ಇವೆಲ್ಲ ಸೇರಿ ತಕ್ಕಡಿಯಲ್ಲಿ ಇಪ್ಪತ್ತು ಕಿಲೋ ದಾಟಿದರೆ, ಆರೋಪಿಯ ಹಣೆಬರಹದಲ್ಲಿ ಹತ್ತು ವರ್ಷಗಳ ಅಂತರ ಉಂಟಾಗುವುದು. ತೂಕ ಮಾಡಿದ ಬಗೆ ಸರಿಯೇ ಎಂಬ ಈ ಒಂದೇ ಪ್ರಶ್ನೆಯ ಮೇಲೆ ಜಾಮೀನು ಅರ್ಜಿಗಳು ನ್ಯಾಯಾಲಯಗಳಲ್ಲಿ ಮತ್ತೆ ಮತ್ತೆ ನಿಂತಿವೆ. ಬಳ್ಳಾರಿಯ ಅರ್ಜಿ ಜಿಲ್ಲಾ ನ್ಯಾಯಾಲಯದಲ್ಲಿ ಬಿದ್ದರೆ ಧಾರವಾಡದ ಹೈಕೋರ್ಟು ಪೀಠಕ್ಕೆ ಏರಬೇಕು. ಅಷ್ಟು ದೂರ ಹೋಗುವ ಶಕ್ತಿ ಹೊಲದ ಯಜಮಾನನಿಗೆ ಇದ್ದರೂ ಗುತ್ತಿಗೆಗೆ ಮಾಡಿದವನಿಗೋ ಕೂಲಿಯವನಿಗೋ ಇರುವುದು ಅಪರೂಪ. 2022ರಲ್ಲಿ ಕರ್ನಾಟಕ ಹೈಕೋರ್ಟು, ಜಾಮೀನಿನ ಒಂದು ಪ್ರಕರಣದಲ್ಲಿ, ಎಲೆಯಿಂದ ಮಾಡುವ ಭಂಗಿಯನ್ನು ಈ ಕಾಯ್ದೆ ನಿಷಿದ್ಧ ವಸ್ತುವೆಂದು ಘೋಷಿಸಿಲ್ಲವೆಂದು ಹೇಳಿತು. ಎಲೆಗೆ ಬಿಡುಗಡೆ, ಹೂವಿಗೆ ಸೆರೆ.

ಇಷ್ಟು ಬರೆದುದರಿಂದ ಗಾಂಜಾದ ಪರವಾಗಿ ವಕಾಲತ್ತು ಹಿಡಿದೆನೆಂದು ವಾಚಕರು ಭಾವಿಸಬಾರದು. ಎಳೆಯ ವಯಸ್ಸಿನಲ್ಲಿ ಈ ಚಟಕ್ಕೆ ಬಿದ್ದವರ ಓದು, ಆರೋಗ್ಯ, ಮನೆಯ ಶಾಂತಿ ಹಾಳಾಗುವುದು ಸತ್ಯ. ಆಂಧ್ರ ಒಡಿಶಾ ಗಡಿಯ ಬೆಟ್ಟಗಳಿಂದ ದಕ್ಷಿಣದ ಊರೂರಿಗೆ ಇಳಿದುಬರುವ ಸರಕಿನ ಹಿಂದೆ ಸಾಧುಗಳಿಲ್ಲ, ದೊಡ್ಡ ಬಂಡವಾಳದವರಿದ್ದಾರೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ದೇಶದಲ್ಲಿ ಸುಮಾರು 3.1 ಕೋಟಿ ಮಂದಿ ಭಂಗಿ, ಗಾಂಜಾ, ಚರಸುಗಳಲ್ಲಿ ಒಂದನ್ನಾದರೂ ಬಳಸಿದವರೆಂದು ಅಂದಾಜು ಮಾಡಿತು. ಹೊರದೇಶಗಳಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿದೆ: ಅಮೆರಿಕದ ಕೊಲೊರಾಡೊ, ವಾಷಿಂಗ್ಟನ್ ರಾಜ್ಯಗಳ ಮತದಾರರು 2012ರಲ್ಲಿ ಗಾಂಜಾವನ್ನು ಅಂಗಡಿಗೆ ತಂದರು, ಪಕ್ಕದ ರಾಜ್ಯಕ್ಕೆ ಕಾಲಿಟ್ಟರೆ ಅದೇ ಪೊಟ್ಟಣ ಅಪರಾಧವಾಗುವ ಅಲ್ಲಿನ ಸ್ಥಿತಿ ನಮ್ಮ ಸಿರುಗುಪ್ಪದ ಹಳೆಯ ಹೊಳೆದಡದ ಸ್ಥಿತಿಯೇ. 2020ರಲ್ಲಿ ವಿಶ್ವಸಂಸ್ಥೆಯ ಆಯೋಗ ಅತ್ಯಂತ ಅಪಾಯಕರ ವಸ್ತುಗಳ ಪಟ್ಟಿಯಿಂದ ಈ ಗಿಡವನ್ನು 27ಕ್ಕೆ 25 ಮತಗಳಿಂದ ಕೆಳಗಿಳಿಸಿದಾಗ ಭಾರತ ಇಳಿಸುವ ಪರವಾಗಿಯೇ ಮತ ಕೊಟ್ಟಿತು. ಒಳಗಿನ ಕಾಯ್ದೆಯಲ್ಲಿ ಅದರಿಂದ ಒಂದು ಅಕ್ಷರವೂ ಬದಲಾಗಲಿಲ್ಲ. ಲಂಡನ್, ಜಿನೀವಾ, ನ್ಯೂಯಾರ್ಕ್, ದಿಲ್ಲಿ ಈ ನಗರಗಳಲ್ಲಿ ನಿರ್ಧಾರವಾದ ಕಾನೂನಿನ ಭಾರ ಎರೆಹೊಲದ ದುರ್ಬಲನ ಮೇಲೆ ಎಷ್ಟು ಬಿದ್ದಿತೋ ಅಷ್ಟು ವ್ಯಾಪಾರದ ಒಡೆಯರ ಮೇಲೆ ಬೀಳಲಿಲ್ಲವೆಂಬುದು ನನ್ನ ಅಭಿಪ್ರಾಯ. ಅದನ್ನು ಬದಲಿಸಲು 1893ರಂಥ ತಾಳ್ಮೆಯ ವಿಚಾರಣೆಯೊಂದು ಮತ್ತೆ ನಡೆಯಬೇಕು.

ಅಷ್ಟರವರೆಗೆ, ಮನೆಯಲ್ಲಿ ಮಗನೋ ತಮ್ಮನೋ ಈ ಚಟಕ್ಕೆ ಸಿಕ್ಕಿ, ಪೊಲೀಸಿನ ಭಯದಿಂದ ವಿಷಯವನ್ನು ಮುಚ್ಚಿಟ್ಟುಕೊಂಡಿರುವ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಹಿರಿಯರು ಇದೇ ಕಾಯ್ದೆಯ 64ಎ ಕಲಮನ್ನು ತಿಳಿದಿರಬೇಕು: ಸೇವನೆಯ ಅಥವಾ ಅಲ್ಪಪ್ರಮಾಣದ ಆರೋಪ ಹೊತ್ತ ವ್ಯಸನಿಯು ತಾನಾಗಿ ಮುಂದೆ ಬಂದು, ಸರ್ಕಾರದ ಅಥವಾ ಸರ್ಕಾರ ಮಾನ್ಯಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಳಗಾದರೆ ಆತನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ, ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಮಾತ್ರ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು.